ಮಾಮೂಲಿ ಔಷಧಿಗೆ ಬಗ್ಗದ ನ್ಯುಮೋನಿಯಾ: ಬದಲಿ ಆಂಟಿಬಯೋಟಿಕ್ ಆರಿಸುವುದು ಹೇಗೆ?

ಆಂಟಿಬಯೋಟಿಕ್ ಶುರು ಮಾಡಿ ಮೂರು ದಿನ ಆಗಿದೆ. ಜ್ವರ ಇಳಿದಿಲ್ಲ. ಆಕ್ಸಿಜನ್ ತೆಗೆದರೆ ಉಸಿರು ಮೇಲೆ ಕೆಳಗೆ ಆಗುತ್ತದೆ. ಬಾಗಿಲ ಹತ್ತಿರ ನಿಂತ ಮಗ ಕೇಳುತ್ತಾನೆ: "ಡಾಕ್ಟ್ರೇ, ಇದಕ್ಕಿಂತ ಸ್ಟ್ರಾಂಗ್ ಇರೋದು ಯಾವುದಾದ್ರೂ ಕೊಡಿ."

ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆಂಟಿಬಯೋಟಿಕ್‌ಗಳನ್ನು ಸಾಲಾಗಿ ನಿಲ್ಲಿಸಿ, ಇದು ಸಣ್ಣದು, ಇದು ದೊಡ್ಡದು ಅಂತ ಹೇಳಲು ಬರುವುದಿಲ್ಲ. ಮೆರೊಪೆನೆಮ್ ಅಂದರೆ ಎಲ್ಲರೂ ದೊಡ್ಡ ಔಷಧಿ ಅಂದುಕೊಳ್ಳುತ್ತಾರೆ. ಮೈಕೊಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾದಿಂದ ಬಂದ ನ್ಯುಮೋನಿಯಾಗೆ ಅದು ಏನೂ ಮಾಡುವುದಿಲ್ಲ. ಹಳೆಯ ಡಾಕ್ಸಿಸೈಕ್ಲಿನ್ ಮಾತ್ರೆ ಅಲ್ಲಿ ಕೆಲಸ ಮಾಡುತ್ತದೆ. ಬದಲಿ ಔಷಧಿ ಆರಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಮೂರು. ರೋಗಾಣು ಯಾವುದು? ಅದು ಔಷಧಿಯಿಂದ ಹೇಗೆ ತಪ್ಪಿಸಿಕೊಳ್ಳುತ್ತಿದೆ? ನಾನು ಕೊಡುವ ಔಷಧಿ ಶ್ವಾಸಕೋಶದ ಒಳಗೆ ಸಾಕಷ್ಟು ಮುಟ್ಟುತ್ತದಾ?

ಇದನ್ನು ಕಿರಿಯ ವೈದ್ಯರು, ಫಾರ್ಮಸಿಸ್ಟ್‌ಗಳು, ಐಸಿಯು ನರ್ಸ್‌ಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ರೋಗಿಯ ಮನೆಯವರು ಓದಿದರೆ ಡಾಕ್ಟರ ಹತ್ತಿರ ಏನು ಕೇಳಬೇಕು ಅನ್ನುವುದು ತಿಳಿಯುತ್ತದೆ. ಇಲ್ಲಿರುವ ಡೋಸ್‌ಗಳು ಕಿಡ್ನಿ ಸರಿಯಾಗಿರುವ ವಯಸ್ಕರದ್ದು. ಇದನ್ನು ಓದಿ ಮನೆಯಲ್ಲಿ ಯಾರೂ ಔಷಧಿ ಶುರು ಮಾಡಬೇಡಿ, ಬದಲಿಸಲೂ ಬೇಡಿ.

ಹಂತ 1: ಇದು ನಿಜವಾಗಿ ರೆಸಿಸ್ಟನ್ಸ್ (ರೋಗಾಣು ಔಷಧಿಗೆ ಬಗ್ಗದಿರುವುದು) ಹೌದಾ?

ಔಷಧಿ ಹಿಡಿಯಲಿಲ್ಲ ಅಂದ ಕೂಡಲೇ ರೋಗಾಣುವಿನ ಮೇಲೆ ತಪ್ಪು ಹೊರಿಸಬೇಡಿ. ಸರಿಯಾದ ಔಷಧಿ ಬಿದ್ದರೂ ಸುಧಾರಣೆ ಕಾಣಲು 48ರಿಂದ 72 ಗಂಟೆ ಬೇಕು. ಎಕ್ಸ್‌ರೇ ಇನ್ನೂ ನಿಧಾನ. ರೋಗಿ ಎದ್ದು ಓಡಾಡುತ್ತಿದ್ದರೂ ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ ವಾರಗಟ್ಟಲೆ ಉಳಿಯುತ್ತದೆ. ಎಕ್ಸ್‌ರೇ ಒಂದನ್ನೇ ನೋಡಿ ಔಷಧಿ ಬದಲಿಸುವುದು ತಪ್ಪು. ಆದರೆ ರೋಗಿ ಕಣ್ಣೆದುರೇ ಕುಸಿಯುತ್ತಿದ್ದರೆ 72 ಗಂಟೆ ಕಾಯುತ್ತಾ ಕೂರಬಾರದು.

ಎರಡನೆಯದು, ಕೀವು. ಶ್ವಾಸಕೋಶದ ಹೊದಿಕೆಯಲ್ಲಿ ಕೀವು ತುಂಬಿದ್ದರೆ ಯಾವ ಇಂಜೆಕ್ಷನ್ ಕೊಟ್ಟರೂ ಜ್ವರ ಬಿಡುವುದಿಲ್ಲ. ಅದನ್ನು ಟ್ಯೂಬ್ ಹಾಕಿ ಹೊರಗೆ ತೆಗೆಯಬೇಕು. ಹಾಸಿಗೆ ಪಕ್ಕದಲ್ಲೇ ಒಂದು ಅಲ್ಟ್ರಾಸೌಂಡ್ ಮಾಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಇಷ್ಟು ಸುಲಭದ ಪರೀಕ್ಷೆ ಎಷ್ಟೋ ಸಲ ಮರೆತೇ ಹೋಗಿರುತ್ತದೆ.

ಮೂರನೆಯದು, ಬೇರೆ ಕಾಯಿಲೆ. ಕ್ಷಯ, ಫಂಗಸ್, ಹೃದಯ ಸೋತು ಶ್ವಾಸಕೋಶಕ್ಕೆ ನೀರು ತುಂಬಿಕೊಳ್ಳುವುದು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಕಟ್ಟುವುದು, ಎಲ್ಲವೂ ನ್ಯುಮೋನಿಯಾದ ವೇಷದಲ್ಲಿ ಬರುತ್ತವೆ. ಲೀಜನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ನಮ್ಮ ಜೀವಕೋಶಗಳ ಒಳಗೇ ಅಡಗಿರುತ್ತದೆ. ಸೆಫ್ಟ್ರಿಯಾಕ್ಸೋನ್ ಎಷ್ಟು ಕೊಟ್ಟರೂ ಅದಕ್ಕೆ ತಾಗುವುದಿಲ್ಲ. ಅಜಿತ್ರೋಮೈಸಿನ್ ಅಥವಾ ಲೆವೊಫ್ಲಾಕ್ಸಸಿನ್ ಬೇಕು. ಮೇಲ್ನೋಟಕ್ಕೆ ರೆಸಿಸ್ಟನ್ಸ್ ಥರ ಕಂಡರೂ ಅಲ್ಲಿ ಆಗಿರುವುದು ಆಯ್ಕೆಯ ತಪ್ಪು.

ಹಂತ 2: ಔಷಧಿ ಬದಲಿಸುವ ಮುಂಚೆ ಸ್ಯಾಂಪಲ್

ಹೊಸ ಔಷಧಿಯ ಮೊದಲ ಡೋಸ್ ಹೋಗುವ ಮುಂಚೆ ಕಫ, ಜೊತೆಗೆ ಎರಡು ಬೇರೆ ಬೇರೆ ಜಾಗದಿಂದ ರಕ್ತದ ಕಲ್ಚರ್ ತೆಗೆದುಕೊಳ್ಳಿ. ಕಲ್ಚರ್ ಅಂದರೆ ಸ್ಯಾಂಪಲ್ಲಿನ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು. ವೆಂಟಿಲೇಟರ್‌ನಲ್ಲಿದ್ದರೆ ಟ್ಯೂಬಿನ ಮೂಲಕ ಎಳೆದ ಸ್ರಾವ. ಲೀಜನೆಲ್ಲಾ ಅನುಮಾನ ಇದ್ದರೆ ಮೂತ್ರದಲ್ಲಿ ಅದರ ಗುರುತು ಹುಡುಕುವ ಆಂಟಿಜೆನ್ ಪರೀಕ್ಷೆ. ರೋಗಿಯ ಸ್ಥಿತಿ ಕೆಟ್ಟಿದ್ದರೆ ಸ್ಯಾಂಪಲ್‌ಗೋಸ್ಕರ ಔಷಧಿಯನ್ನು ತಡ ಮಾಡಬಾರದು, ಅದೂ ಅಷ್ಟೇ ಮುಖ್ಯ.

ಕಫದ ವಿಷಯ ಸ್ವಲ್ಪ ಹತ್ತಿರದಿಂದ ನೋಡೋಣ. "ಈ ಡಬ್ಬಿಗೆ ಉಗುಳಿ" ಅಂದರೆ ರೋಗಿ ಉಗುಳುವುದು ಎಂಜಲನ್ನು. ಅದು ತಿಳಿಯಾಗಿ, ನೊರೆನೊರೆಯಾಗಿ ಇರುತ್ತದೆ. ನಮಗೆ ಬೇಕಾದದ್ದು ಎದೆಯಾಳದಿಂದ ಕೆಮ್ಮಿ ತೆಗೆದ, ದಪ್ಪನೆಯ, ಹಳದಿ ಅಥವಾ ತುಕ್ಕು ಬಣ್ಣದ ಕಫ. ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಆಳವಾಗಿ ಉಸಿರೆಳೆದುಕೊಂಡು, ಜೋರಾಗಿ ಕೆಮ್ಮಲು ಹೇಳಿ. ಪಕ್ಕದಲ್ಲಿ ನಿಂತು ಹೇಳಿಕೊಟ್ಟರೆ ಬರುತ್ತದೆ, ಡಬ್ಬಿ ಇಟ್ಟು ಹೋದರೆ ಬರುವುದಿಲ್ಲ. ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಕೆಳಗೆ ಕಮ್ಮಿ ಮ್ಯಾಗ್ನಿಫಿಕೇಶನ್‌ನಲ್ಲಿ ನೋಡಿದಾಗ ಬಾಯಿಯ ಚರ್ಮದ ಕೋಶಗಳು 10ಕ್ಕಿಂತ ಕಮ್ಮಿ, ಕೀವಿನ ಕೋಶಗಳು 25ಕ್ಕಿಂತ ಜಾಸ್ತಿ ಇದ್ದರೆ ಅದು ಒಳ್ಳೆಯ ಸ್ಯಾಂಪಲ್. ಎಂಜಲನ್ನು ಕಲ್ಚರ್ ಮಾಡಿದರೆ ಬೆಳೆಯುವುದು ಬಾಯಿಯ ಬ್ಯಾಕ್ಟೀರಿಯಾ. ಆ ರಿಪೋರ್ಟ್ ಇಲ್ಲದೆ ಇದ್ದರೇ ವಾಸಿ.

ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವ ಗ್ರಾಮ್ ಸ್ಟೇನ್ ಫಲಿತಾಂಶ ಒಂದೆರಡು ಗಂಟೆಯಲ್ಲಿ ಸಿಗುತ್ತದೆ. ಯಾವ ಔಷಧಿಗೆ ಬಗ್ಗುತ್ತದೆ ಅಂತ ಹೇಳುವ ಪೂರ್ತಿ ಸೆನ್ಸಿಟಿವಿಟಿ ಬರಲು ಎರಡು ಮೂರು ದಿನ. ಅಷ್ಟರ ತನಕ ನಡೆಯುವುದು ಅಂದಾಜಿನ ಚಿಕಿತ್ಸೆ. ಅಂದಾಜಿಗೂ ಒಂದು ಲೆಕ್ಕ ಇದೆ.

ಹಂತ 3: ರೋಗಾಣು ಎಲ್ಲಿಂದ ಬಂದಿರಬಹುದು?

ಮನೆಯಿಂದ ಬಂದ ನ್ಯುಮೋನಿಯಾಗೂ, ಆಸ್ಪತ್ರೆ ಸೇರಿ 48 ಗಂಟೆ ಕಳೆದ ಮೇಲೆ ಶುರುವಾದ ನ್ಯುಮೋನಿಯಾಗೂ ರೋಗಾಣುಗಳ ಬಳಗವೇ ಬೇರೆ. ಮನೆಯಿಂದ ಬಂದವರಲ್ಲಿ ನ್ಯುಮೊಕಾಕಸ್, ಹೀಮೋಫಿಲಸ್, ಮೈಕೊಪ್ಲಾಸ್ಮಾ ಹೆಚ್ಚು. ಆಸ್ಪತ್ರೆಯಲ್ಲಿ ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್, ಅಸಿನೆಟೊಬ್ಯಾಕ್ಟರ್, ಎಂಆರ್‌ಎಸ್‌ಎ ಎಂದು ಕರೆಯುವ ಹಠಮಾರಿ ಸ್ಟ್ಯಾಫಿಲೊಕಾಕಸ್.

ಮನೆಯಿಂದ ಬಂದವರಿಗೂ ಎರಡು ಪ್ರಶ್ನೆ ತಪ್ಪದೆ ಕೇಳಿ. ಹಿಂದೆ ಯಾವಾಗಲಾದರೂ ಕಫದಲ್ಲಿ ಇಂಥ ರೋಗಾಣು ಬೆಳೆದಿತ್ತಾ? ಕಳೆದ 90 ದಿನಗಳಲ್ಲಿ ಆಸ್ಪತ್ರೆಯಲ್ಲಿದ್ದು ಆಂಟಿಬಯೋಟಿಕ್ ಇಂಜೆಕ್ಷನ್ ತೆಗೆದುಕೊಂಡಿದ್ದರಾ? 2019ರ ಅಮೆರಿಕದ ಮಾರ್ಗಸೂಚಿ ಎಂಆರ್‌ಎಸ್‌ಎ ಮತ್ತು ಸ್ಯೂಡೊಮೊನಾಸ್ ವಿಷಯದಲ್ಲಿ ಹೆಚ್ಚು ತೂಕ ಕೊಡುವುದು ಈ ಎರಡಕ್ಕೇ. ಜೊತೆಗೆ, ಮೂರು ತಿಂಗಳ ಒಳಗೆ ಒಂದು ಗುಂಪಿನ ಔಷಧಿ ತೆಗೆದುಕೊಂಡಿದ್ದರೆ ಈಗ ಬೇರೆ ಗುಂಪಿನಿಂದ ಆರಿಸುವುದು ಜಾಣತನ. ಹಳೆಯ ಚೀಟಿ, ಹಳೆಯ ರಿಪೋರ್ಟ್ ತನ್ನಿ ಅಂತ ನಾನು ಮನೆಯವರನ್ನು ಪೀಡಿಸುವುದು ಇದಕ್ಕೇ.

ಹಂತ 4: ರಿಪೋರ್ಟ್ ಓದುವ ಕಲೆ

ಎದುರಿಗೆ ಒಂದು ರಿಪೋರ್ಟ್ ಇದೆ ಅಂದುಕೊಳ್ಳಿ. ಎಡಗಡೆ ಔಷಧಿಗಳ ಹೆಸರು, ಪಕ್ಕದಲ್ಲಿ ಎಂಐಸಿ ಅನ್ನುವ ಸಂಖ್ಯೆ, ಕೊನೆಯಲ್ಲಿ ಎಸ್ (ಬಗ್ಗುತ್ತದೆ), ಐ (ನಡುವಿನದು) ಅಥವಾ ಆರ್ (ಬಗ್ಗುವುದಿಲ್ಲ). ಎಂಐಸಿ ಅಂದರೆ ಆ ರೋಗಾಣು ಬೆಳೆಯದಂತೆ ತಡೆಯಲು ಬೇಕಾದ ಅತಿ ಕಡಿಮೆ ಪ್ರಮಾಣ. ಒಂದು ಔಷಧಿಗೆ 0.5, ಇನ್ನೊಂದಕ್ಕೆ 4 ಇದ್ದರೆ 0.5 ಇರುವುದೇ ಒಳ್ಳೆಯದು ಅನ್ನಿಸುತ್ತದೆ ಅಲ್ವಾ? ಹಾಗಲ್ಲ. ಪ್ರತಿ ಔಷಧಿಗೂ ಅದರದ್ದೇ ಗಡಿ ಇದೆ. ರಕ್ತದಲ್ಲಿ ನೂರರ ಲೆಕ್ಕದಲ್ಲಿ ಏರುವ ಔಷಧಿಗೆ 4 ದೊಡ್ಡದಲ್ಲ. ಎರಡರ ಆಚೀಚೆ ನಿಲ್ಲುವ ಔಷಧಿಗೆ 0.5 ಕೂಡ ಅಂಚಿನ ಮಾತು. ಬೇರೆ ಬೇರೆ ಔಷಧಿಗಳ ಎಂಐಸಿ ಹೋಲಿಸಬೇಡಿ.

'ಐ' ಅಂದರೆ ಅರೆಬರೆ ಅಂತ ತಳ್ಳಿಹಾಕಬೇಡಿ. ಯುರೋಪಿನ ಪದ್ಧತಿಯಲ್ಲಿ 2019ರಿಂದ ಅದರ ಅರ್ಥ, ಡೋಸ್ ಏರಿಸಿದರೆ ಕೆಲಸ ಮಾಡುತ್ತದೆ ಅಂತ. ಲ್ಯಾಬ್ ಯಾವ ಪದ್ಧತಿ ಅನುಸರಿಸುತ್ತದೆ ಅಂತ ಒಂದು ಫೋನ್ ಮಾಡಿ ಕೇಳಿ.

ಒಂದು ಬಲೆ ಇದೆ. ಎರಿಥ್ರೋಮೈಸಿನ್ ಮುಂದೆ ಆರ್, ಕ್ಲಿಂಡಮೈಸಿನ್ ಮುಂದೆ ಎಸ್ ಇರುವ ಸ್ಟ್ಯಾಫಿಲೊಕಾಕಸ್. ಲ್ಯಾಬಿನವರು ಎರಡೂ ಔಷಧಿಯ ಬಿಲ್ಲೆಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಕ್ಲಿಂಡಮೈಸಿನ್ ಸುತ್ತಲಿನ ಖಾಲಿ ವೃತ್ತ ಎರಿಥ್ರೋಮೈಸಿನ್ ಕಡೆಗೆ ಚಪ್ಪಟೆಯಾಗಿ, ಇಂಗ್ಲಿಷಿನ ಡಿ ಅಕ್ಷರದಂತೆ ಕಂಡರೆ ಒಳಗೆ ರೆಸಿಸ್ಟನ್ಸ್ ಅಡಗಿದೆ ಅಂತ ಅರ್ಥ. ಡಿ-ಟೆಸ್ಟ್ ಆಗಿದೆಯಾ ಅಂತ ಕೇಳದೆ ಆ ಎಸ್ ಅನ್ನು ನಂಬಬೇಡಿ.

ಇನ್ನೊಂದು ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಬೆಳೆದದ್ದು ರೋಗಕ್ಕೆ ಕಾರಣವಾದದ್ದಾ, ಸುಮ್ನೆ ಅಲ್ಲಿ ಕೂತಿರುವುದಾ? ವೆಂಟಿಲೇಟರಿನ ಟ್ಯೂಬಿನಲ್ಲಿ ಕೆಲವೇ ದಿನಗಳಲ್ಲಿ ಅಸಿನೆಟೊಬ್ಯಾಕ್ಟರ್ ಮನೆ ಮಾಡಿಕೊಳ್ಳಬಹುದು. ಒಬ್ಬ ಹಿರಿಯರಿಗೆ ಜ್ವರ ಇರಲಿಲ್ಲ, ಆಕ್ಸಿಜನ್ ದಿನದಿನಕ್ಕೆ ಕಮ್ಮಿ ಸಾಕಾಗುತ್ತಿತ್ತು, ಎಕ್ಸ್‌ರೇ ತಿಳಿಯಾಗುತ್ತಿತ್ತು. ಟ್ಯೂಬಿನ ಕಲ್ಚರ್ ಬಂತು, ಎಲ್ಲ ಸಾಲಿನಲ್ಲೂ ಆರ್, ಕೊನೆಯಲ್ಲಿ ಕಿಡ್ನಿಗೆ ಪೆಟ್ಟು ಕೊಡಬಲ್ಲ ಕೊಲಿಸ್ಟಿನ್ ಮಾತ್ರ ಉಳಿದಿತ್ತು. ಗಾಬರಿಯಲ್ಲಿ ಅದನ್ನು ಶುರು ಮಾಡಿದೆವು. ಐದನೇ ದಿನಕ್ಕೆ ಕಿಡ್ನಿ ಕೆಟ್ಟಿತು. ನಾವು ಚಿಕಿತ್ಸೆ ಕೊಟ್ಟದ್ದು ಕಾಗದಕ್ಕೆ, ರೋಗಿಗಲ್ಲ. ಆ ದಿನ ನನ್ನ ಮನಸ್ಸಿನಿಂದ ಹೋಗಿಲ್ಲ.

ಹಂತ 5: ಔಷಧಿ ಶ್ವಾಸಕೋಶ ಮುಟ್ಟುತ್ತದಾ?

ರಿಪೋರ್ಟಿನಲ್ಲಿ ಎಸ್ ಇದ್ದರೂ ನ್ಯುಮೋನಿಯಾಗೆ ಆಗದ ಔಷಧಿಗಳಿವೆ. ಡ್ಯಾಪ್ಟೋಮೈಸಿನ್ ಮೊದಲನೆಯದು. ರಕ್ತದಲ್ಲಿರುವ ಎಂಆರ್‌ಎಸ್‌ಎಗೆ ಒಳ್ಳೆಯ ಔಷಧಿ. ಆದರೆ ಶ್ವಾಸಕೋಶದ ಗಾಳಿಚೀಲಗಳು ಅಂಟಿಕೊಳ್ಳದಂತೆ ಕಾಯುವ ಸರ್ಫ್ಯಾಕ್ಟಂಟ್ ಅನ್ನುವ ಪದಾರ್ಥ ಅದನ್ನು ಹಿಡಿದು ನಿಷ್ಕ್ರಿಯ ಮಾಡಿಬಿಡುತ್ತದೆ. ನ್ಯುಮೋನಿಯಾಗೆ ಅದನ್ನು ಕೊಡಲೇಬಾರದು.

ಜೆಂಟಮೈಸಿನ್, ಅಮಿಕಾಸಿನ್ ಶ್ವಾಸಕೋಶಕ್ಕೆ ಕಮ್ಮಿ ತಲುಪುತ್ತವೆ, ಕೀವಿನ ಹುಳಿ ವಾತಾವರಣದಲ್ಲಿ ಇನ್ನೂ ಮಂಕಾಗುತ್ತವೆ. ಒಂಟಿಯಾಗಿ ಅವನ್ನು ನೆಚ್ಚಿಕೊಳ್ಳಬೇಡಿ. ಇಂಜೆಕ್ಷನ್ ಕೊಲಿಸ್ಟಿನ್ ಕೂಡ ಹಾಗೇ. ಟಿಗೆಸೈಕ್ಲಿನ್ ಮಾಮೂಲಿ ಡೋಸ್‌ನಲ್ಲಿ ರಕ್ತದಲ್ಲಿ ತೀರಾ ಕಮ್ಮಿ ಇರುತ್ತದೆ. ಅದನ್ನು ಪಡೆದವರಲ್ಲಿ ಸಾವು ಹೆಚ್ಚು ಕಂಡಿದ್ದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಅತಿ ಗಂಭೀರ ಎಚ್ಚರಿಕೆ ಹಾಕಿಸಿತು. ಬೇರೆ ದಾರಿ ಇರುವಾಗ ಅದು ಬೇಡ.

ಹಂತ 6: ರೋಗಾಣುವಿಗೆ ತಕ್ಕ ಬದಲಿ

ನ್ಯುಮೊಕಾಕಸ್. ಇದು ಪೆನಿಸಿಲಿನ್ ಕೂರುವ ಜಾಗದ ಆಕಾರವನ್ನೇ ಬದಲಿಸಿಕೊಳ್ಳುತ್ತದೆ. ಔಷಧಿಯನ್ನು ಒಡೆಯುವ ಕಿಣ್ವ ಇದರ ಹತ್ತಿರ ಇಲ್ಲ. ಹಾಗಾಗಿ ಬರೀ ಅಮಾಕ್ಸಿಸಿಲಿನ್ ಬಿಟ್ಟು ಅಂಥ ಕಿಣ್ವವನ್ನು ತಡೆಯುವ ಕ್ಲಾವುಲನೇಟ್ ಸೇರಿಸಿದ್ದು ಕೊಟ್ಟರೆ ಈ ರೋಗಾಣುವಿನ ಮಟ್ಟಿಗೆ ಏನೂ ಲಾಭವಿಲ್ಲ. ಅಮಾಕ್ಸಿಸಿಲಿನ್ ಡೋಸ್ ಏರಿಸಿದರೆ ಲಾಭ ಇದೆ. ಹೀಮೋಫಿಲಸ್‌ನ ಕೆಲವು ತಳಿಗಳು ಕಿಣ್ವ ಮಾಡುತ್ತವೆ, ಅಲ್ಲಿ ಕ್ಲಾವುಲನೇಟ್ ಬೇಕು. ಮಿದುಳು ಜ್ವರ ಇಲ್ಲದ ನ್ಯುಮೋನಿಯಾಗೆ ಪೆನಿಸಿಲಿನ್ ಎಂಐಸಿ 2ರ ತನಕ ಇದ್ದರೂ ಇಂಜೆಕ್ಷನ್ ಪೆನಿಸಿಲಿನ್ ನಡೆಯುತ್ತದೆ. ಮಿದುಳು ಜ್ವರದ ಗಡಿ ಇದಕ್ಕಿಂತ ಎಷ್ಟೋ ಕೆಳಗೆ, 0.06. ರಿಪೋರ್ಟ್ ಯಾವ ಗಡಿ ಹಿಡಿದು ಆರ್ ಹಾಕಿದೆ ಅಂತ ನೋಡಿ. ನಿಜವಾಗಿ ಜಾಸ್ತಿ ಇದ್ದರೆ ಸೆಫ್ಟ್ರಿಯಾಕ್ಸೋನ್, ಅದೂ ಆಗದಿದ್ದರೆ ಲೆವೊಫ್ಲಾಕ್ಸಸಿನ್ 750 ಮಿಗ್ರಾಂ ದಿನಕ್ಕೊಮ್ಮೆ, ಮಾಕ್ಸಿಫ್ಲಾಕ್ಸಸಿನ್, ಲಿನೆಜೊಲಿಡ್ ಅಥವಾ ವ್ಯಾಂಕೊಮೈಸಿನ್. ಸಿಪ್ರೊಫ್ಲಾಕ್ಸಸಿನ್ ಬೇಡ, ನ್ಯುಮೊಕಾಕಸ್ ಮೇಲೆ ಅದು ದುರ್ಬಲ.

ಮೈಕೊಪ್ಲಾಸ್ಮಾ. ಇದಕ್ಕೆ ಗೋಡೆಯೇ ಇಲ್ಲ, ಗೋಡೆ ಒಡೆಯುವ ಔಷಧಿ ವ್ಯರ್ಥ. ಅಜಿತ್ರೋಮೈಸಿನ್‌ಗೆ ಬಗ್ಗದಿದ್ದರೆ ಡಾಕ್ಸಿಸೈಕ್ಲಿನ್ ಅಥವಾ ಲೆವೊಫ್ಲಾಕ್ಸಸಿನ್.

ಎಂಆರ್‌ಎಸ್‌ಎ. ಲಿನೆಜೊಲಿಡ್ 600 ಮಿಗ್ರಾಂ 12 ಗಂಟೆಗೊಮ್ಮೆ, ಇಲ್ಲವೇ ವ್ಯಾಂಕೊಮೈಸಿನ್. ವ್ಯಾಂಕೊಮೈಸಿನ್ ಕೊಟ್ಟರೆ ರಕ್ತದ ಮಟ್ಟ ಅಳೆಯಿರಿ. ಈಗ ನೋಡುವುದು ದಿನದ ಒಟ್ಟು ಪ್ರಮಾಣವನ್ನು ತೋರಿಸುವ ಎಯುಸಿ, 400ರಿಂದ 600ರ ನಡುವೆ. ಕಿಡ್ನಿ ಸೋತಿದ್ದರೆ ನಾನು ಲಿನೆಜೊಲಿಡ್ ಕಡೆ ವಾಲುತ್ತೇನೆ. ಶ್ವಾಸಕೋಶಕ್ಕೆ ಚೆನ್ನಾಗಿ ಇಳಿಯುತ್ತದೆ, ವಿಷ ಉಗುಳುವ ತಳಿಗಳಲ್ಲಿ ಆ ವಿಷದ ತಯಾರಿಕೆಯನ್ನೂ ತಗ್ಗಿಸುತ್ತದೆ. ಪ್ಲೇಟ್‌ಲೆಟ್ ಮೇಲೆ ಕಣ್ಣಿರಲಿ, ಎರಡು ವಾರ ಹತ್ತಿರವಾದಂತೆ ಇಳಿಯುವ ಸಾಧ್ಯತೆ ಜಾಸ್ತಿ. ಮೂಗಿನ ಸ್ವಾಬ್‌ನಲ್ಲಿ ಎಂಆರ್‌ಎಸ್‌ಎ ಸಿಗದಿದ್ದರೆ ಶ್ವಾಸಕೋಶದಲ್ಲೂ ಇರುವ ಸಾಧ್ಯತೆ ಬಹಳ ಕಮ್ಮಿ. ಆಗ ಅಂದಾಜಿಗೆ ಶುರು ಮಾಡಿದ ಈ ಔಷಧಿಯನ್ನು ಸಾಮಾನ್ಯವಾಗಿ ನಿಲ್ಲಿಸಬಹುದು.

ಇಎಸ್‌ಬಿಎಲ್ ಕಿಣ್ವ ಮಾಡುವ ಕ್ಲೆಬ್ಸಿಯೆಲ್ಲಾ, ಇ. ಕೋಲಿ. ಈ ಕಿಣ್ವ ಒಡೆಯುವುದರಿಂದ ಸೆಫ್ಟ್ರಿಯಾಕ್ಸೋನ್ ಬಿದ್ದುಹೋಗುತ್ತದೆ. ರಿಪೋರ್ಟಿನಲ್ಲಿ ಪಿಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್ ಮುಂದೆ ಎಸ್ ಇದ್ದರೂ ಗಂಭೀರ ರೋಗಿಗೆ ಮೆರೊಪೆನೆಮ್ ಕೊಡಿ. 2018ರಲ್ಲಿ ಪ್ರಕಟವಾದ ಮೆರಿನೊ ಅಧ್ಯಯನದಲ್ಲಿ, ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ಇಂಥ ರೋಗಾಣು ರಕ್ತಕ್ಕೆ ಸೇರಿದವರ ಪೈಕಿ 30 ದಿನದೊಳಗೆ ಸತ್ತವರು ಮೆರೊಪೆನೆಮ್ ಗುಂಪಿನಲ್ಲಿ ಶೇ. 3.7, ಇನ್ನೊಂದು ಗುಂಪಿನಲ್ಲಿ ಶೇ. 12.3. ಅದು ನ್ಯುಮೋನಿಯಾದ ಅಧ್ಯಯನ ಅಲ್ಲ, ಆದರೂ ಅಂತರ ಕಡೆಗಣಿಸುವಂಥದ್ದಲ್ಲ.

ಕಾರ್ಬಪೆನೆಮ್‌ಗೂ ಬಗ್ಗದ ಕ್ಲೆಬ್ಸಿಯೆಲ್ಲಾ. ಕಾರ್ಬಪೆನೆಮ್ ಅಂದರೆ ಮೆರೊಪೆನೆಮ್ ಸೇರಿದ ಗುಂಪು. ಇಲ್ಲಿ ರೋಗಾಣುವಿನ ಹೆಸರು ಸಾಕಾಗುವುದಿಲ್ಲ, ಔಷಧಿ ಒಡೆಯುವ ಕಿಣ್ವದ ಹೆಸರು ಬೇಕು. ಕೆಪಿಸಿ ಅಥವಾ ಆಕ್ಸಾ-48 ಆದರೆ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಸಾಕು. ಎನ್‌ಡಿಎಂ ಆದರೆ ಅದೊಂದೇ ಕೊಟ್ಟರೆ ಸೋಲುತ್ತದೆ, ಯಾಕೆಂದರೆ ಅವಿಬ್ಯಾಕ್ಟಮ್ ಎನ್‌ಡಿಎಂ ಅನ್ನು ತಡೆಯಲಾರದು. ಅಜ್ಟ್ರಿಯೋನಾಮ್ ಅನ್ನುವ ಔಷಧಿಯನ್ನು ಎನ್‌ಡಿಎಂ ಒಡೆಯುವುದಿಲ್ಲ. ಆದರೆ ಅದೇ ರೋಗಾಣುವಿನಲ್ಲಿ ಸಾಮಾನ್ಯವಾಗಿ ಜೊತೆಗಿರುವ ಇಎಸ್‌ಬಿಎಲ್ ಒಡೆಯುತ್ತದೆ. ಅವಿಬ್ಯಾಕ್ಟಮ್ ಆ ಇಎಸ್‌ಬಿಎಲ್ ಅನ್ನು ಕಟ್ಟಿಹಾಕಿದರೆ ಅಜ್ಟ್ರಿಯೋನಾಮ್ ಉಳಿದು ಕೆಲಸ ಮಾಡುತ್ತದೆ. ಅದಕ್ಕೇ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್, ಅಜ್ಟ್ರಿಯೋನಾಮ್ ಎರಡನ್ನೂ ಜೊತೆಗೆ, ಒಂದೇ ಹೊತ್ತಿಗೆ ಕೊಡಬೇಕು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಕೊಟ್ಟರೆ ಕಾವಲುಗಾರ ಇಲ್ಲದ ಹೊತ್ತಿನಲ್ಲಿ ಅಜ್ಟ್ರಿಯೋನಾಮ್ ನಾಶವಾಗುತ್ತದೆ. ಸೆಫಿಡೆರೊಕಾಲ್ ಇನ್ನೊಂದು ದಾರಿ.

ಸ್ಯೂಡೊಮೊನಾಸ್. ಸೆಫ್ಟಾಜಿಡಿಮ್, ಸೆಫೆಪಿಮ್ 2 ಗ್ರಾಂ 8 ಗಂಟೆಗೊಮ್ಮೆ, ಪಿಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್ 4.5 ಗ್ರಾಂ 6 ಗಂಟೆಗೊಮ್ಮೆ, ಮೆರೊಪೆನೆಮ್. ಕಾರ್ಬಪೆನೆಮ್‌ಗೆ ಆರ್ ಬಂದರೂ ಸೆಫೆಪಿಮ್‌ಗೆ ಎಸ್ ಇರಬಹುದು. ಈ ರೋಗಾಣು ಮೆರೊಪೆನೆಮ್ ಒಳಬರುವ ಬಾಗಿಲನ್ನಷ್ಟೇ ಮುಚ್ಚಿಕೊಂಡಿರಬಹುದು. ಎಲ್ಲವೂ ಬಿದ್ದರೆ ಸೆಫ್ಟೊಲೊಜೇನ್-ಟ್ಯಾಜೊಬ್ಯಾಕ್ಟಮ್, ನ್ಯುಮೋನಿಯಾಗೆ 3 ಗ್ರಾಂ 8 ಗಂಟೆಗೊಮ್ಮೆ. ಮೂತ್ರದ ಸೋಂಕಿನ ಡೋಸ್ ಇದರ ಅರ್ಧ, ಅದನ್ನೇ ಬರೆದುಬಿಡುವ ತಪ್ಪು ಸುಲಭವಾಗಿ ಆಗುತ್ತದೆ. ಕಾರ್ಬಪೆನೆಮ್ ಗುಂಪಿನದ್ದೇ ಆದರೂ ಎರ್ಟಾಪೆನೆಮ್ ಸ್ಯೂಡೊಮೊನಾಸ್‌ಗೂ ಅಸಿನೆಟೊಬ್ಯಾಕ್ಟರ್‌ಗೂ ಕೆಲಸ ಮಾಡುವುದಿಲ್ಲ.

ಅಸಿನೆಟೊಬ್ಯಾಕ್ಟರ್. ಎಲ್ಲಕ್ಕಿಂತ ಕಷ್ಟದ್ದು. ಬುನಾದಿ ಸಲ್ಬ್ಯಾಕ್ಟಮ್, ದಿನಕ್ಕೆ 9 ಗ್ರಾಂ ತನಕ, ಜೊತೆಗೆ ಇನ್ನೊಂದು ಔಷಧಿ. 2023ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸಲ್ಬ್ಯಾಕ್ಟಮ್-ಡರ್ಲೊಬ್ಯಾಕ್ಟಮ್ ಸಿಕ್ಕರೆ ಅದೇ ಮೊದಲ ಆಯ್ಕೆ. ಮಿನೊಸೈಕ್ಲಿನ್, ಪಾಲಿಮಿಕ್ಸಿನ್ (ಕೊಲಿಸ್ಟಿನ್ ಈ ಗುಂಪಿನದ್ದೇ) ಜೊತೆಗಾರರು. ಕೊಲಿಸ್ಟಿನ್ ಬರೆಯುವಾಗ ಅಳತೆಯನ್ನು ಎರಡು ಸಲ ನೋಡಿ. 10 ಲಕ್ಷ ಯುನಿಟ್ ಅಂದರೆ ಸುಮಾರು 80 ಮಿಗ್ರಾಂ ಕೊಲಿಸ್ಟಿಮಿಥೇಟ್, ಅದೇ ಸುಮಾರು 33 ಮಿಗ್ರಾಂ ಕೊಲಿಸ್ಟಿನ್ ಬೇಸ್. ಮೂರೂ ಒಂದೇ ಬಾಟಲಿಯ ಮೂರು ಭಾಷೆ. ಇದರಲ್ಲಿ ಗೊಂದಲವಾದರೆ ರೋಗಿಗೆ ಎರಡು ಮೂರು ಪಟ್ಟು ಹೆಚ್ಚು ಕಮ್ಮಿ ಹೋಗುತ್ತದೆ. ಬಿಲ್ಲೆ ಇಟ್ಟು ನೋಡುವ ಪರೀಕ್ಷೆ ಕೊಲಿಸ್ಟಿನ್‌ಗೆ ನಂಬಿಕೆಗೆ ಅರ್ಹವಲ್ಲ.

ಸ್ಟೆನೊಟ್ರೊಫೊಮೊನಾಸ್. ಈ ಬ್ಯಾಕ್ಟೀರಿಯಾ ಹುಟ್ಟಿನಿಂದಲೇ ಮೆರೊಪೆನೆಮ್‌ಗೆ ಬಗ್ಗದು. ಕೋಟ್ರೈಮಾಕ್ಸಜೋಲ್, ಮಿನೊಸೈಕ್ಲಿನ್, ಲೆವೊಫ್ಲಾಕ್ಸಸಿನ್ ಪೈಕಿ ಆರಿಸಬೇಕು. ರೋಗ ಜೋರಾಗಿದ್ದರೆ ಎರಡು ಸೇರಿಸಿ.

ಹಂತ 7: ಈಗ ರೋಗಿಯನ್ನು ನೋಡಿ

"ಪೆನಿಸಿಲಿನ್ ಅಲರ್ಜಿ ಇದೆ" ಅನ್ನುವವರು ಬಹಳ. ಪರೀಕ್ಷೆ ಮಾಡಿದರೆ ಅವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಅಲರ್ಜಿ ಇರುವುದಿಲ್ಲ. ಏನಾಯಿತು, ಯಾವಾಗ, ಎಷ್ಟು ಹೊತ್ತಿನಲ್ಲಿ ಅಂತ ಕೂತು ಕೇಳಿ. ಹೊಟ್ಟೆ ತೊಳಸಿದ್ದು ಅಲರ್ಜಿ ಅಲ್ಲ. ಉಸಿರು ಕಟ್ಟಿದ್ದು, ಮುಖ ಊದಿದ್ದು, ಚರ್ಮ ಸುಲಿದದ್ದು ಗಂಭೀರ. ನಿಜವಾದ ಅಲರ್ಜಿ ಇದ್ದವರಲ್ಲೂ ಮೆರೊಪೆನೆಮ್‌ಗೆ ಪ್ರತಿಕ್ರಿಯೆ ಬರುವುದು ನೂರಕ್ಕೆ ಒಬ್ಬರಿಗಿಂತ ಕಮ್ಮಿ. ಸೆಫ್ಟಾಜಿಡಿಮ್ ಅಲರ್ಜಿ ಇದ್ದವರಿಗೆ ಮಾತ್ರ ಅಜ್ಟ್ರಿಯೋನಾಮ್ ಬೇಡ, ಎರಡರ ರಚನೆಯಲ್ಲೂ ಒಂದೇ ಕೊಂಡಿ ಇದೆ.

ಫಿಟ್ಸ್‌ಗೆ ವಾಲ್ಪ್ರೊಯೇಟ್ ತೆಗೆದುಕೊಳ್ಳುವವರಿಗೆ ಮೆರೊಪೆನೆಮ್ ಕೊಟ್ಟರೆ ವಾಲ್ಪ್ರೊಯೇಟ್ ಮಟ್ಟ ಒಂದೆರಡು ದಿನದಲ್ಲೇ ಕುಸಿದು ಫಿಟ್ಸ್ ಬರಬಹುದು. ಖಿನ್ನತೆಯ ಮಾತ್ರೆ ನುಂಗುವವರಿಗೆ ಲಿನೆಜೊಲಿಡ್ ಕೊಡುವಾಗ ನಡುಕ, ಬೆವರು, ಗೊಂದಲ ಬರುತ್ತದಾ ಅಂತ ಗಮನಿಸಿ. ಲೆವೊಫ್ಲಾಕ್ಸಸಿನ್ ಹೃದಯದ ಲಯ ಕೆಡಿಸಬಹುದು, ಇಸಿಜಿ ನೋಡಿ ಶುರು ಮಾಡಿ. ಅದಕ್ಕಿಂತ ಮುಖ್ಯ, ಕ್ಷಯದ ಅನುಮಾನ ಚೂರಾದರೂ ಇದ್ದರೆ ಮೊದಲು ಕಫ ಪರೀಕ್ಷೆಗೆ ಕಳಿಸಿ. ಲೆವೊಫ್ಲಾಕ್ಸಸಿನ್ ಕ್ಷಯವನ್ನು ಅರ್ಧಂಬರ್ಧ ಹತ್ತಿಕ್ಕುತ್ತದೆ. ರೋಗಿ ಗೆಲುವಾದಂತೆ ಕಾಣುತ್ತಾರೆ, ರೋಗ ಪತ್ತೆ ವಾರಗಟ್ಟಲೆ ತಡವಾಗುತ್ತದೆ. ಲಿನೆಜೊಲಿಡ್‌ಗೂ ಇದೇ ಗುಣ ಇದೆ.

ಹಂತ 8: ಕೊಡುವ ರೀತಿ

ಮೆರೊಪೆನೆಮ್, ಪಿಪೆರಾಸಿಲಿನ್‌ನಂಥ ಔಷಧಿಗಳು ಎಷ್ಟು ಎತ್ತರಕ್ಕೆ ಏರಿದವು ಅನ್ನುವುದಕ್ಕಿಂತ ಎಷ್ಟು ಹೊತ್ತು ಎಂಐಸಿ ಮೇಲಿದ್ದವು ಅನ್ನುವುದು ಮುಖ್ಯ. ಮೊದಲ ಡೋಸ್ ಬೇಗ ಕೊಟ್ಟು, ಮುಂದಿನವನ್ನು ಮೂರು ನಾಲ್ಕು ಗಂಟೆ ನಿಧಾನವಾಗಿ ಹರಿಸಿದರೆ ಅದೇ ಔಷಧಿ ಇನ್ನೂ ಹಠಮಾರಿ ರೋಗಾಣುವನ್ನು ಹಿಡಿಯುತ್ತದೆ. ಕಲಸಿದ ಮೆರೊಪೆನೆಮ್ ಬಹಳ ಹೊತ್ತು ಉಳಿಯುವುದಿಲ್ಲ, ಹಾಕುವ ಮುಂಚೆ ಕಲಸಿ. ಕಿಡ್ನಿ ಏರುಪೇರಾಗಿದ್ದರೂ ಮೊದಲ ಡೋಸ್ ಪೂರ್ತಿ ಕೊಡಿ, ಕಡಿತ ಆಮೇಲೆ.

ಹಂತ 9: ಮೂರನೇ ದಿನ ಮತ್ತೆ ಕೂತು ಯೋಚಿಸಿ

ಕಲ್ಚರ್ ಬಂದ ಮೇಲೆ ಅಗತ್ಯವಿಲ್ಲದ್ದನ್ನು ತೆಗೆದುಹಾಕಿ. ರೋಗಿ ಚೇತರಿಸುತ್ತಿದ್ದಾರೆ, ಯಾಕೆ ಮುಟ್ಟಬೇಕು ಅನ್ನಿಸುವುದು ಸಹಜ. ಮುಟ್ಟಬೇಕು. ಪ್ರತಿ ಅನಗತ್ಯ ದಿನ ಕರುಳಿನಲ್ಲಿ ಮುಂದಿನ ಹಠಮಾರಿಯನ್ನು ಬೆಳೆಸುತ್ತದೆ. ಆಸ್ಪತ್ರೆಯ ನ್ಯುಮೋನಿಯಾಗೆ, ಸುಧಾರಣೆ ಇದ್ದರೆ, 7 ದಿನ ಸಾಕು. ಮನೆಯಿಂದ ಬಂದದ್ದಕ್ಕೆ 2019ರ ಅಮೆರಿಕದ ಮಾರ್ಗಸೂಚಿಯ ಪ್ರಕಾರ ಕನಿಷ್ಠ 5, ಎಂಆರ್‌ಎಸ್‌ಎ ಅಥವಾ ಸ್ಯೂಡೊಮೊನಾಸ್ ಇದ್ದರೆ 7. ಕೀವು ತುಂಬಿದ್ದರೆ, ಶ್ವಾಸಕೋಶ ಕೊಳೆತಿದ್ದರೆ, ರೋಗಾಣು ರಕ್ತಕ್ಕೆ ಸೇರಿದ್ದರೆ ಲೆಕ್ಕ ಬೇರೆ. ಜ್ವರ ಬಿಟ್ಟು, ನುಂಗಲು ಬರುತ್ತಿದ್ದರೆ ಲಿನೆಜೊಲಿಡ್, ಲೆವೊಫ್ಲಾಕ್ಸಸಿನ್ ಮಾತ್ರೆಗೆ ಬದಲಿಸಬಹುದು. ಬಾಯಿಂದ ಕೊಟ್ಟರೂ ಹೆಚ್ಚುಕಮ್ಮಿ ಅಷ್ಟೇ ರಕ್ತಕ್ಕೆ ಸೇರುತ್ತವೆ.

ಮನೆಗೆ ಕಳಿಸುವಾಗ ಡಿಸ್ಚಾರ್ಜ್ ಕಾಗದದ ಮೇಲ್ಭಾಗದಲ್ಲೇ ಬರೆಯಿರಿ: ಯಾವ ರೋಗಾಣು, ಯಾವ ಕಿಣ್ವ, ಯಾವ ಔಷಧಿ ಕೆಲಸ ಮಾಡಿತು, ಯಾವುದು ಮಾಡಲಿಲ್ಲ, ಎಷ್ಟು ದಿನ. ಮನೆಯವರಿಗೆ ನಾನು ಹೇಳುವುದು, ಆ ಹಾಳೆಯ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ ಅಂತ. ಮುಂದೆ ಯಾವತ್ತಾದರೂ ಮಧ್ಯರಾತ್ರಿ ಬೇರೆ ಆಸ್ಪತ್ರೆಗೆ ಓಡಬೇಕಾಗಿ ಬಂದರೆ, ಅಲ್ಲಿನ ಡಾಕ್ಟರಿಗೆ ಮೊದಲು ತೋರಿಸಬೇಕಾದದ್ದು ಅದನ್ನೇ.